ಬಿಳಿ ಮಾಡುವ ಮುನ್ನ



ಮದುವೆಯ ಕಾಲ ಹತ್ತಿರವಾಗುತ್ತಿದ್ದ ಹಾಗೆ ದಂತವೈದ್ಯರ ಬಳಿ ಒಂದು ಬಗೆಯ ಜನ ಹೆಚ್ಚಾಗಿ ಬರುತ್ತಾರೆ. ಇವರಿಗೆ ಹಲ್ಲುನೋವಿಲ್ಲ, ಊತವಿಲ್ಲ. ಮದುವೆ ಗೊತ್ತಾಗಿದೆ, ಇಲ್ಲವೇ ಗಂಡಿನ ಕಡೆಯವರು ನೋಡಲು ಬರುವವರಿದ್ದಾರೆ. "ಹಲ್ಲು ಬೆಳ್ಳಗಾಗಬೇಕು ಡಾಕ್ಟ್ರೇ" ಎನ್ನುತ್ತಾರೆ. ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು ಕೇಳುತ್ತಾರೆ. ಈ ಬಣ್ಣ ಯಾಕೆ ಬಂತು ಎಂದು ಕೇಳುವವರು ಅಪರೂಪ.

ಇವತ್ತಿನ ನನ್ನ ಮಾತು ಆ ಪ್ರಶ್ನೆಯ ಕುರಿತು. ಹಲ್ಲಿನ ಬಣ್ಣ ಕೆಡಲು ಕಾರಣ ಹಲವು. ಕಾರಣ ಬೇರೆಯಾದರೆ ಚಿಕಿತ್ಸೆಯೂ ಬೇರೆ. ಒಂದಕ್ಕೆ ಬರೀ ಕ್ಲೀನಿಂಗ್ ಸಾಕು. ಇನ್ನೊಂದಕ್ಕೆ ರೂಟ್ ಕೆನಾಲ್ ಬೇಕು. ಮತ್ತೊಂದಕ್ಕೆ ಏನೂ ಬೇಡ, ಸುಮ್ಮನಿದ್ದರೆ ಸಾಕು.

ಏನೂ ಬೇಡದ್ದರಿಂದಲೇ ಶುರು ಮಾಡೋಣ. ಆರೋಗ್ಯವಂತ ಹಲ್ಲು ಹಾಲಿನಷ್ಟು ಬಿಳಿ ಇರುವುದೇ ಇಲ್ಲ. ಹಲ್ಲಿನ ಹೊರಪದರಕ್ಕೆ ಎನಾಮಲ್ ಎನ್ನುತ್ತೇವೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗಿಂತ ಹೆಚ್ಚು ಅದು ಬರೀ ಖನಿಜ. ಆದರೆ ಅದು ಅರೆಪಾರದರ್ಶಕ. ಅದರ ಒಳಗಿರುವ ಡೆಂಟಿನ್ ಎಂಬ ಪದರ ತುಸು ಹಳದಿ. ಆ ಹಳದಿಯೇ ಹೊರಗೆ ಕಾಣುತ್ತದೆ. ಕೋರೆಹಲ್ಲು ಬಾಚಿಹಲ್ಲಿಗಿಂತ ಹೆಚ್ಚು ಹಳದಿ. ವಯಸ್ಸಾದ ಹಾಗೆ ಎನಾಮಲ್ ಸವೆಯುತ್ತದೆ, ಹಳದಿ ಹೆಚ್ಚುತ್ತದೆ. ಇದು ರೋಗವಲ್ಲ. ಟಿವಿ ಜಾಹೀರಾತಿನಲ್ಲಿ ಕಾಣುವ ಬಿಳುಪು ಹೆಚ್ಚಿನ ಮಟ್ಟಿಗೆ ಬೆಳಕಿನದು, ಕ್ಯಾಮೆರಾದ್ದು. ಅದನ್ನು ಅಳತೆಗೋಲು ಮಾಡಿಕೊಂಡು ಬಂದವರಿಗೆ ನಾನು ಹೇಳುವುದು, ನಿಮ್ಮ ಹಲ್ಲು ಚೆನ್ನಾಗಿದೆ, ಮನೆಗೆ ಹೋಗಿ ಎಂದು. ಕೆಲವರಿಗೆ ಈ ಮಾತು ರುಚಿಸುವುದಿಲ್ಲ.

ಇನ್ನು ನಿಜವಾಗಿ ಕಲೆ ಇರುವವರ ವಿಷಯ. ಕಲೆ ಹಲ್ಲಿನ ಮೇಲಿದೆಯೋ, ಹಲ್ಲಿನ ಒಳಗಿದೆಯೋ? ವೈದ್ಯರು ಮೊದಲು ನೋಡುವುದು ಇದನ್ನು. ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ, ಕಾಫಿ, ಟೀ, ಇವುಗಳ ಕಲೆ ಮೇಲಿನದು. ಕ್ಲೋರ್‌ಹೆಕ್ಸಿಡಿನ್ ಇರುವ ಬಾಯಿ ಮುಕ್ಕಳಿಸುವ ಔಷಧಿಯನ್ನು ಕೆಲವು ವಾರ ಬಿಡದೆ ಬಳಸಿದರೂ ಕಂದು ಕಲೆ ಕೂರುತ್ತದೆ. ಔಷಧಿ ಒಳ್ಳೆಯದೇ, ಆದರೆ ವೈದ್ಯರು ಹೇಳಿದಷ್ಟು ದಿನ ಮಾತ್ರ. ಇವೆಲ್ಲ ಕ್ಲೀನಿಂಗ್‌ನಲ್ಲಿ ಹೋಗುತ್ತವೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನಮ್ಮ ಜನರಲ್ಲಿ ಇನ್ನೂ ಇದೆ. ಹಲ್ಲು ಸಡಿಲವಾಗುವುದು ಗಟ್ಟಿಯಾದ ಪಾಚಿ ವಸಡಿನ ಕೆಳಗಿನ ಮೂಳೆ ಕರಗಿಸುವುದರಿಂದ. ಕ್ಲೀನಿಂಗ್ ಆದ ಮೇಲೆ ಅದು ಬಯಲಾಗುತ್ತದೆ, ಅಷ್ಟೆ.

ಇಲ್ಲೇ ಇನ್ನೊಂದು ಮಾತು. ಇದ್ದಿಲ ಪುಡಿ, ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜಿ ಬಿಳಿ ಮಾಡಲು ಹೋಗುವವರಿದ್ದಾರೆ. ಉತ್ತರ ಕರ್ನಾಟಕದ ಕೆಲವೆಡೆ ಸುಟ್ಟ ಹೊಗೆಸೊಪ್ಪಿನ ಮಿಶ್ರಿಯಿಂದ ಹಲ್ಲುಜ್ಜುವ ಹೆಂಗಸರಿದ್ದಾರೆ. ಒರಟು ಪುಡಿ ಕಲೆಯ ಜೊತೆಗೆ ಎನಾಮಲ್ಲನ್ನೂ ತೆಗೆಯುತ್ತದೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವಾಗಲೇ ಇಲ್ಲವಾಗಿರುತ್ತವೆ. ಎನಾಮಲ್ ತೆಳುವಾದಷ್ಟೂ ಒಳಗಿನ ಹಳದಿ ಎದ್ದು ಕಾಣುತ್ತದೆ. ಬಿಳಿ ಮಾಡಲು ಹೊರಟವರು ಇನ್ನಷ್ಟು ಹಳದಿ ಮಾಡಿಕೊಂಡಂತಾಯಿತು. ಮಿಶ್ರಿಯದು ಇನ್ನೂ ಕೆಟ್ಟ ಕಥೆ. ಅದು ಬಾಯಿ ಕ್ಯಾನ್ಸರ್‌ಗೆ ದಾರಿ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ತುಸು ಹಳದಿ ಸಹಜ. ಮೇಲಿನ ಕಲೆ ಕ್ಲೀನಿಂಗ್‌ನಲ್ಲಿ ಹೋಗುತ್ತದೆ. ಈಗ ಕ್ಲೀನಿಂಗ್ ಆದಮೇಲೂ ಉಳಿಯುವ ಕಲೆಗಳಿಗೆ ಬರೋಣ. ಇವು ಹಲ್ಲಿನೊಳಗೆ ಸೇರಿಕೊಂಡವು. ಅದರಲ್ಲೂ ಮೊದಲು ಬಿಳಿ ಮಚ್ಚೆ.

ಹಲ್ಲು ಹುಳುಕಾದರೆ ಕಪ್ಪಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಹುಳುಕಿನ ಮೊದಲ ಗುರುತು ಕಪ್ಪಲ್ಲ, ಬಿಳಿ. ಬಾಯಿಯಲ್ಲಿನ ಸೂಕ್ಷ್ಮಜೀವಿಗಳು ಸಿಹಿ ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಎನಾಮಲ್ಲಿನ ಖನಿಜವನ್ನು ಕರಗಿಸುತ್ತದೆ. ಅಲ್ಲಿ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಇದು ಹೆಚ್ಚಾಗಿ ವಸಡಿನ ಅಂಚಿನ ಉದ್ದಕ್ಕೂ, ಪಾಚಿ ಕೂರುವ ಜಾಗದಲ್ಲಿ ಆಗುತ್ತದೆ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳು ಸರಿಯಾಗಿ ಉಜ್ಜದಿದ್ದರೆ, ಕ್ಲಿಪ್ ತೆಗೆದ ದಿನ ಅದರ ಸುತ್ತ ಇಂಥ ಬಿಳಿ ಗೆರೆ ಕಾಣುತ್ತದೆ.

ಇದನ್ನು ಪತ್ತೆ ಮಾಡಲು ನಮ್ಮ ಬಳಿ ಇರುವ ಸಾಧನ ತೀರಾ ಸರಳ. ಗಾಳಿ. ಹಲ್ಲನ್ನು ಒರೆಸಿ, ಸಣ್ಣ ನಳಿಕೆಯಿಂದ ಸುಮಾರು ಐದು ಸೆಕೆಂಡು ಗಾಳಿ ಊದುತ್ತೇವೆ. ಒದ್ದೆಯಿದ್ದಾಗ ಕಾಣದ ಮಚ್ಚೆ ಒಣಗಿದೊಡನೆ ಎದ್ದು ನಿಲ್ಲುತ್ತದೆ. ನೀವು ಹಳ್ಳಿಮನೆಯ ಗೋಡೆಗೆ ಸುಣ್ಣ ಬಳಿಯುವುದನ್ನು ನೋಡಿದ್ದೀರಿ. ಬಳಿದಾಗ ಮಂಕಾಗಿರುತ್ತದೆ, ಒಣಗುತ್ತ ಬೆಳ್ಳಗಾಗುತ್ತದೆ. ಇಲ್ಲಿಯೂ ನಡೆಯುವುದು ಅದೇ. ರಂಧ್ರದಲ್ಲಿ ನೀರಿದ್ದರೆ ಬೆಳಕು ಹೆಚ್ಚು ಚದುರದೆ ಸಾಗುತ್ತದೆ. ನೀರು ಹೋಗಿ ಗಾಳಿ ತುಂಬಿದರೆ ಬೆಳಕು ಚದುರುತ್ತದೆ, ಜಾಗ ಬಿಳಿಯಾಗಿ ಕಾಣುತ್ತದೆ. ಒಣಗಿಸಿದಾಗ ಮಾತ್ರ ಕಂಡರೆ ಹುಳುಕು ಇನ್ನೂ ಮೇಲ್ಮೇಲೆ ಇದೆ. ಒದ್ದೆಯಿದ್ದಾಗಲೇ ಕಂಡರೆ ಆಳಕ್ಕಿಳಿದಿದೆ. ಐದು ಸೆಕೆಂಡಿನ ಗಾಳಿ ಇಷ್ಟೆಲ್ಲ ಹೇಳುತ್ತದೆ.

ಮೇಲ್ಮೈ ಒಡೆದು ಗುಳಿ ಬಿದ್ದಿಲ್ಲವಾದರೆ ಇಂಥ ಮಚ್ಚೆಗೆ ಕೊರೆಯುವ ಕೆಲಸವೇ ಇಲ್ಲ. ಫ್ಲೋರೈಡ್ ಲೇಪನ, ಸರಿಯಾಗಿ ಹಲ್ಲುಜ್ಜುವುದು, ಪದೇ ಪದೇ ಸಿಹಿ ತಿನ್ನುವುದನ್ನು ಕಡಿಮೆ ಮಾಡುವುದು, ಇಷ್ಟರಿಂದ ಖನಿಜ ಮರಳಿ ಕೂಡಬಲ್ಲದು. ಮಚ್ಚೆ ಮುಖದೆದುರು ಕಾಣುವಂತಿದ್ದರೆ ಇನ್ನೊಂದು ವಿಧಾನವಿದೆ. ನೀರಿನಷ್ಟು ತೆಳುವಾದ ರಾಳವನ್ನು ಆ ರಂಧ್ರಗಳೊಳಗೆ ಇಳಿಸಿ, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುವುದು. ರಾಳ ಬೆಳಕನ್ನು ಬಾಗಿಸುವ ರೀತಿ ಎನಾಮಲ್ಲಿನದಕ್ಕೆ ಹತ್ತಿರ. ಹಾಗಾಗಿ ಮಚ್ಚೆ ಮರೆಯಾಗುತ್ತದೆ.

ಮೇಲಿನ ಕಲೆ, ಹುಳುಕಿನ ಬಿಳಿ ಮಚ್ಚೆ, ಎರಡು ಆಯಿತು. ಇನ್ನು ನಮ್ಮ ರಾಜ್ಯಕ್ಕೆ ಬಹಳ ಹತ್ತಿರದ ವಿಷಯ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಪಾವಗಡದ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳಿಗೆ ಇಪ್ಪತ್ತರ ಆಸುಪಾಸು. ಮಾತಾಡುವಾಗ ಸೆರಗು ಬಾಯಿಗೆ ಹೋಗುತ್ತಿತ್ತು.

"ನಮ್ಮೂರಲ್ಲಿ ಎಲ್ಲರಿಗೂ ಹಿಂಗೇ ಐತೆ ಸಾರ್, ನೀರಿಂದ. ಎಲ್ಲಾ ಹಲ್ಲಿಗೂ ಕ್ಯಾಪ್ ಹಾಕ್ಬಿಡಿ" ಎಂದರು ತಾಯಿ.

"ಮೊದಲು ನೋಡೋಣ ಇರಮ್ಮಾ" ಎಂದೆ.

ನೋಡಿದ್ದನ್ನು ನಿಮಗೆ ವಿವರಿಸುತ್ತೇನೆ. ಮೇಲಿನ ಬಾಚಿಹಲ್ಲುಗಳಿಗೆ ಅಡ್ಡಡ್ಡ ಕಂದು ಪಟ್ಟೆ. ಪಟ್ಟೆಯ ಮೇಲೂ ಕೆಳಗೂ ಮಂಕು ಬಿಳುಪು. ಎಡಗಡೆ ಹೇಗಿತ್ತೋ ಬಲಗಡೆಯೂ ಹಾಗೇ. ಜೋಡಿ ಹಲ್ಲುಗಳಲ್ಲಿ ಒಂದೇ ಎತ್ತರದಲ್ಲಿ ಒಂದೇ ಪಟ್ಟೆ. ಇದು ಫ್ಲೋರೋಸಿಸ್‌ನ ಗುರುತು. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ ನೀರಿನ ಫ್ಲೋರೈಡ್ ಹೆಚ್ಚಾದರೆ ಎನಾಮಲ್ ಗಟ್ಟಿಯಾಗಿ ಕೂಡುವುದಿಲ್ಲ, ಸಡಿಲವಾಗಿ ಉಳಿಯುತ್ತದೆ. ಎರಡೂ ಕಡೆಯ ಜೋಡಿ ಹಲ್ಲುಗಳು ಒಂದೇ ಕಾಲಕ್ಕೆ ರೂಪುಗೊಳ್ಳುವುದರಿಂದ ಕಲೆಯೂ ಎರಡು ಕಡೆ ಒಂದೇ ಥರ. ಹಲ್ಲು ಹುಟ್ಟುವಾಗ ಕಂದು ಇರುವುದಿಲ್ಲ, ಸುಣ್ಣದಂಥ ಬಿಳುಪಿರುತ್ತದೆ. ಆ ಸಡಿಲ ಎನಾಮಲ್ ವರ್ಷಗಟ್ಟಲೆ ಬಣ್ಣ ಹೀರಿಕೊಂಡು ಕಂದಾಗುತ್ತದೆ.

ಆದರೆ ಒಂದು ಹಲ್ಲು ಈ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಎಡಗಡೆಯ ದೊಡ್ಡ ಬಾಚಿಹಲ್ಲು. ಪಟ್ಟೆಯ ಜೊತೆಗೆ ಇಡೀ ಹಲ್ಲೇ ಬೂದು ಬಣ್ಣಕ್ಕೆ ತಿರುಗಿತ್ತು. ಅದರ ಜೋಡಿ ಹಾಗಿರಲಿಲ್ಲ. ನೀರು ಒಂದೇ ಹಲ್ಲನ್ನು ಆರಿಸಿ ಕೆಡಿಸುವುದಿಲ್ಲ. "ಚಿಕ್ಕವಳಿದ್ದಾಗ ಬಿದ್ದಿದ್ದೆಯಾ?" ಎಂದು ಕೇಳಿದೆ. ಶಾಲೆಗೆ ಹೋಗುವಾಗ ಸೈಕಲ್ಲಿಂದ ಬಿದ್ದಿದ್ದಳಂತೆ. ಆಗ ಎರಡು ದಿನ ನೋವಿತ್ತು, ಆಮೇಲೆ ಹೋಯಿತಂತೆ. ಒಂದೇ ಬಾಯಿ, ಎರಡು ಕಾರಣ. ಎಲ್ಲವನ್ನೂ ಕ್ಯಾಪಿನಡಿ ಮುಚ್ಚಿಬಿಟ್ಟಿದ್ದರೆ ಆ ಎರಡನೆಯದು ಒಳಗೇ ಕೊಳೆಯುತ್ತಿತ್ತು.

ಬೂದು ಹಲ್ಲಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಕಂದು ಪಟ್ಟೆ. ಇದರ ಕಾರಣ ಪತ್ತೆಯಾದ ಕಥೆ ಸ್ವಾರಸ್ಯದ್ದು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಹೋದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ಹಂದಿಮಾಂಸ ಜಾಸ್ತಿ ತಿಂದದ್ದಕ್ಕೆ ಎಂದರು ಕೆಲವರು, ಹಾಲು ಕೆಟ್ಟದ್ದು ಎಂದರು ಇನ್ನು ಕೆಲವರು. ಮೆಕೇ ಬಿಡಲಿಲ್ಲ. ಆ ಕಾಲದ ದೊಡ್ಡ ಹೆಸರಾದ ಜಿ. ವಿ. ಬ್ಲ್ಯಾಕ್ ಅವರನ್ನೂ ಜೊತೆಗೆ ಎಳೆದ. ಐಡಹೋ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿನಲ್ಲಿ ಮಕ್ಕಳ ತಾಯಂದಿರು ಒಂದು ಮಾತು ಹೇಳಿದರು. ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಹಾಕಿದ ಮೇಲೆ ಈ ಕಲೆ ಶುರುವಾಯಿತು ಎಂದು. ಆ ನೀರು ಬಿಡಿ ಎಂದ ಮೆಕೇ. ಕೆಲವು ವರ್ಷಗಳ ನಂತರ ಮಕ್ಕಳಿಗೆ ಹುಟ್ಟಿದ ಹೊಸ ಹಲ್ಲುಗಳಲ್ಲಿ ಕಲೆ ಇರಲಿಲ್ಲ. ನೀರಿನಲ್ಲಿರುವುದು ಫ್ಲೋರೈಡ್ ಎಂದು 1931ರಲ್ಲಿ ಕಂಡುಹಿಡಿದದ್ದು ದಂತವೈದ್ಯರಲ್ಲ, ಒಂದು ಅಲ್ಯುಮಿನಿಯಂ ಕಂಪನಿಯ ರಸಾಯನತಜ್ಞ ಚರ್ಚಿಲ್. ಇದಾಗಿ ಕೆಲವೇ ವರ್ಷಕ್ಕೆ, 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ನಮ್ಮ ದೇಶದ ವರದಿಯೂ ಬಂತು.

ನಮ್ಮಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಗಳ ಹಲವು ತಾಲ್ಲೂಕುಗಳಲ್ಲಿ ಈ ತೊಂದರೆ ಇದೆ. ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜವಿದೆ. ಕೊಳವೆಬಾವಿಯ ನೀರು ಆ ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರಿಲ್ಲದಿದ್ದರೆ ಒಂದೂವರೆವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರು ಹಲ್ಲಿಗೆ ಮಾತ್ರವಲ್ಲ, ಇನ್ನೂ ಹೆಚ್ಚಾದರೆ ಮೂಳೆಗೂ ಕೇಡು. ಒಂದು ತಪ್ಪು ತಿಳಿವಳಿಕೆ ಇಲ್ಲೇ ಹೋಗಲಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ.

ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಫ್ಲೋರೈಡ್ ಕೆಟ್ಟದ್ದಾದರೆ ಪೇಸ್ಟಿನಲ್ಲಿ ಯಾಕೆ ಹಾಕುತ್ತಾರೆ? ಕಲೆ ಬೀಳುವುದು ಹಲ್ಲು ರೂಪುಗೊಳ್ಳುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ. ಅದೂ ಹೊಟ್ಟೆಗೆ ಹೋದ ಫ್ಲೋರೈಡಿನಿಂದ. ಹುಟ್ಟಿದ ಹಲ್ಲಿನ ಮೇಲೆ ತಾಗಿ ಉಗಿದುಹೋಗುವ ಫ್ಲೋರೈಡ್ ಹುಳುಕು ತಡೆಯುತ್ತದೆ. ಪುಟ್ಟ ಮಕ್ಕಳು ಪೇಸ್ಟ್ ನುಂಗುತ್ತಾರೆ. ಅವರಿಗೆ ಅಕ್ಕಿಕಾಳಿನಷ್ಟು ಸಾಕು.

ಈಗ ಚಿಕಿತ್ಸೆ. ಕಂದು ಪಟ್ಟೆ ಎನಾಮಲ್ಲಿನ ಮೇಲುಪದರದಲ್ಲೇ ಇದ್ದರೆ ಮೈಕ್ರೋಅಬ್ರೇಶನ್ ಎಂಬ ವಿಧಾನವಿದೆ. ವಸಡಿಗೆ ತಾಗದಂತೆ ತೆಳುವಾದ ರಬ್ಬರ್ ಹಾಳೆಯೊಂದನ್ನು ಹಲ್ಲುಗಳ ಸುತ್ತ ಕೂರಿಸುತ್ತೇವೆ. ಕಣ್ಣಿಗೆ ಕನ್ನಡಕ ಹಾಕುತ್ತೇವೆ. ಸೌಮ್ಯ ಪ್ರಮಾಣದ ಹೈಡ್ರೋಕ್ಲೋರಿಕ್ ಆಮ್ಲವೂ ನುಣುಪಾದ ಪುಡಿಯೂ ಸೇರಿದ ಪೇಸ್ಟನ್ನು ಹಲ್ಲಿಗೆ ಹಚ್ಚಿ, ಸಣ್ಣ ರಬ್ಬರ್ ಬಟ್ಟಲಿನಿಂದ ನಿಧಾನವಾಗಿ ಕೆಲವು ಸೆಕೆಂಡು ಉಜ್ಜುತ್ತೇವೆ. ತೊಳೆಯುತ್ತೇವೆ. ನೋಡುತ್ತೇವೆ. ಮತ್ತೆ ಉಜ್ಜುತ್ತೇವೆ. ಎಲ್ಲ ಸೇರಿ ಹೋಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಹೆಚ್ಚೆಂದರೆ ಐದನೇ ಒಂದು ಭಾಗ. ಇದೂ ಉಜ್ಜುವುದೇ, ಇದ್ದಿಲೂ ಉಜ್ಜುವುದೇ ಎಂದು ನೀವು ಕೇಳಬಹುದು. ಇಲ್ಲಿ ಎಷ್ಟು ಹೋಗುತ್ತಿದೆ ಎಂಬ ಲೆಕ್ಕವಿದೆ, ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿದೆ.

ಕಂದು ಹೀಗೆ ಹೋಗುತ್ತದೆ. ಮಂಕು ಬಿಳುಪು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದಕ್ಕೆ ಬ್ಲೀಚಿಂಗ್ ಜೊತೆಗೂಡಿಸುತ್ತೇವೆ. ಹಲ್ಲಿನ ಅಳತೆಗೆ ಮಾಡಿದ ತೆಳು ತಟ್ಟೆಯಲ್ಲಿ ನೂರಕ್ಕೆ ಹತ್ತರಷ್ಟು ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಧರಿಸುವುದು. ಈ ವಿಧಾನ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದದ್ದು 1989ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲು ಅಮೆರಿಕದ ವೈದ್ಯರೊಬ್ಬರು ವಸಡಿನ ಗಾಯಕ್ಕೆ ಇದೇ ಔಷಧಿ ಕೊಟ್ಟು, ಹಲ್ಲು ಬಿಳಿಯಾದದ್ದನ್ನು ಕಂಡಿದ್ದರು. ಬ್ಲೀಚಿಂಗ್‌ನಿಂದ ಸುತ್ತಲಿನ ಹಲ್ಲು ತಿಳಿಯಾಗುತ್ತದೆ, ಬಿಳಿ ಮಚ್ಚೆ ಎದ್ದು ಕಾಣುವುದು ಕಡಿಮೆಯಾಗುತ್ತದೆ. ಮೊದಲ ಕೆಲವು ದಿನ ಮಚ್ಚೆ ಇನ್ನಷ್ಟು ಕಾಣಬಹುದು, ತಣ್ಣೀರು ಜುಮ್ಮೆನ್ನಬಹುದು. ಗಾಬರಿ ಬೇಡ. ಮೊದಲೇ ಇರುವ ಫಿಲ್ಲಿಂಗ್, ಕ್ಯಾಪ್ ಮಾತ್ರ ಬಿಳಿಯಾಗುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಜಗಳ.

ಕಂದು ಪಟ್ಟೆಯ ವಿಷಯ ಇಲ್ಲಿಗೆ ಬಂತು. ಕಾರಣ ನೀರು, ಗುರುತು ಎರಡೂ ಕಡೆ ಒಂದೇ ಥರ, ಚಿಕಿತ್ಸೆ ಮೇಲುಪದರದ್ದು. ಇನ್ನು ಅದೇ ಹುಡುಗಿಯ ಬೂದು ಹಲ್ಲು.

ಪೆಟ್ಟು ಬಿದ್ದಾಗ ಹಲ್ಲಿನೊಳಗಿನ ನರ, ರಕ್ತನಾಳ ಕತ್ತರಿಸಿಹೋಗಬಹುದು. ಒಳಗೆ ರಕ್ತ ಸೋರಿ ಡೆಂಟಿನ್‌ಗೆ ಇಳಿಯುತ್ತದೆ. ವರ್ಷಗಳಲ್ಲಿ ಹಲ್ಲು ಬೂದಾಗುತ್ತದೆ. ಹಲ್ಲಿನ ಜೀವ ಹೋಗಿದೆಯೋ ಇಲ್ಲವೋ ನೋಡಲು ತಣ್ಣನೆಯ ಪರೀಕ್ಷೆ ಮಾಡುತ್ತೇವೆ. ಅತಿ ತಣ್ಣಗಿನ ದ್ರವ ಸಿಂಪಡಿಸಿದ ಹತ್ತಿಯನ್ನು ಮೊದಲು ಪಕ್ಕದ ಒಳ್ಳೆಯ ಹಲ್ಲಿಗೆ ಮುಟ್ಟಿಸುತ್ತೇವೆ. ಜುಮ್ಮೆಂದರೆ ಏನೆಂದು ರೋಗಿಗೆ ತಿಳಿಯಲಿ ಎಂದು. ಆಮೇಲೆ ಅನುಮಾನದ ಹಲ್ಲಿಗೆ. ಈ ಹುಡುಗಿಗೆ ಏನೂ ಗೊತ್ತಾಗಲಿಲ್ಲ. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಸುತ್ತ ಕಪ್ಪು ನೆರಳಿತ್ತು. ಅಂದರೆ ಅಲ್ಲಿ ಮೂಳೆ ಕರಗುತ್ತಿತ್ತು, ನೋವಿಲ್ಲದೆಯೇ. ಬಣ್ಣ ಒಂದನ್ನೇ ನೋಡಿ ರೂಟ್ ಕೆನಾಲ್ ಮಾಡಬಾರದು. ಪೆಟ್ಟು ಬಿದ್ದ ಕೆಲವು ಹಲ್ಲುಗಳು ಹಳದಿಯಾಗುತ್ತವೆ, ಒಳಗಿನ ಕಾಲುವೆ ಕಿರಿದಾಗಿರುತ್ತದೆ, ಆದರೂ ಜೀವಂತವಾಗಿರುತ್ತವೆ. ಅಂಥವನ್ನು ಮುಟ್ಟದೆ ಆಗಾಗ ಗಮನಿಸುತ್ತಿರಬೇಕು.

ಇವಳಿಗೆ ರೂಟ್ ಕೆನಾಲ್ ಆಯಿತು. ಆಮೇಲೆ ಹಲ್ಲನ್ನು ಒಳಗಿನಿಂದ ಬಿಳಿ ಮಾಡಿದೆವು. ಬೇರಿನ ಬಾಯನ್ನು ವಸಡಿನ ಮಟ್ಟದಲ್ಲಿ ಸಿಮೆಂಟಿನಿಂದ ಭದ್ರವಾಗಿ ಮುಚ್ಚಬೇಕು. ಇದು ಮುಖ್ಯ. ಬ್ಲೀಚ್ ಬೇರಿಗಿಳಿದರೆ ಬೇರೇ ಕರಗಬಹುದು. ನಂತರ ಸೋಡಿಯಂ ಪರ್ಬೋರೇಟ್ ಪುಡಿಯನ್ನು ನೀರಿನಲ್ಲಿ ಕಲಸಿ ಹಲ್ಲಿನೊಳಗಿಟ್ಟು ಮುಚ್ಚಿ ಮನೆಗೆ ಕಳಿಸುವುದು. ವಾರಕ್ಕೊಮ್ಮೆ ಬದಲಿಸುವುದು. ಎರಡು ಮೂರು ಸಲಕ್ಕೆ ಬೂದು ತಿಳಿಯಾಗುತ್ತದೆ. ಹೊರಗೆ ಒಂದು ಎಳೆಯಷ್ಟೂ ಕೊರೆಯಬೇಕಿಲ್ಲ.

ಇಷ್ಟಾದರೂ ಕೆಲವರಿಗೆ ಸಾಲದು. ಫ್ಲೋರೋಸಿಸ್ ಜೋರಾಗಿ ಎನಾಮಲ್ಲಿನಲ್ಲಿ ಗುಳಿಗಳೇ ಬಿದ್ದಿರುತ್ತವೆ. ಎಳವೆಯಲ್ಲಿ ಟೆಟ್ರಾಸೈಕ್ಲಿನ್ ಔಷಧಿ ತಿಂದವರ ಹಲ್ಲಿನ ಬೂದು ಪಟ್ಟೆ ತಿಂಗಳುಗಟ್ಟಲೆ ಬ್ಲೀಚ್ ಮಾಡಿದರೂ ಪೂರ್ತಿ ಹೋಗದಿರಬಹುದು. ತುದಿ ಮುರಿದ ಹಲ್ಲಂತೂ ಇದ್ದೇ ಇದೆ. ಆಗ ಮುಚ್ಚುವ ಮಾತು ಬರುತ್ತದೆ.

ಮುಚ್ಚಲು ಇಂದು ಸಾಧ್ಯವಾಗಿರುವುದು 1955ರ ಒಂದು ಪ್ರಯೋಗದಿಂದ. ಮೈಕೆಲ್ ಬ್ಯುನೊಕೋರ್ ಎಂಬ ವೈದ್ಯ, ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಯಲ್ಲಿ ಫಾಸ್ಫಾರಿಕ್ ಆಮ್ಲ ಹಚ್ಚುವುದನ್ನು ತಿಳಿದು, ಅದನ್ನೇ ಎನಾಮಲ್ಲಿಗೆ ಹಚ್ಚಿ ನೋಡಿದ. ಎನಾಮಲ್ ತರಿತರಿಯಾಯಿತು, ರಾಳ ಅದಕ್ಕೆ ಅಂಟಿತು. ಕಾಂಪೋಸಿಟ್ ಫಿಲ್ಲಿಂಗ್, ವೆನೀರ್ ಎಲ್ಲವೂ ನಿಂತಿರುವುದು ಈ ಅಂಟಿನ ಮೇಲೆ. ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಪದರ. ಅದಕ್ಕೆ ಸವರುವುದು ಅರ್ಧ ಮಿಲಿಮೀಟರಿನ ಆಸುಪಾಸು. ಕೆಲವೊಮ್ಮೆ ಅಷ್ಟೂ ಇಲ್ಲ. ಸುತ್ತಲೂ ಕೂರುವ ಕ್ಯಾಪ್‌ಗಾದರೆ ಕಾಣುವ ಹಲ್ಲಿನ ಸುಮಾರು ಮೂರನೇ ಎರಡು ಭಾಗ ಹೋಗುತ್ತದೆ. ಆ ತಾಯಿ ಕೇಳಿದ್ದು ಇದನ್ನೇ, ಆರೋಗ್ಯವಾಗಿದ್ದ ಹಲ್ಲುಗಳಿಗೆ. ಬಣ್ಣಕ್ಕಾಗಿ ಮಾತ್ರ ಎಳೆಯ ವಯಸ್ಸಿನವರ ಗಟ್ಟಿ ಹಲ್ಲುಗಳನ್ನು ಕ್ಯಾಪ್‌ಗಾಗಿ ಕೊರೆಯುವುದನ್ನು ನಾನು ಒಪ್ಪುವುದಿಲ್ಲ.

ಮುಚ್ಚುವಾಗ ಬಣ್ಣ ಹೊಂದಿಸುವುದೂ ಒಂದು ಕೆಲಸ. ಹದಿನಾರು ಛಾಯೆಗಳ ಮಾದರಿ ಹಲ್ಲುಗಳ ಪಟ್ಟಿಯೊಂದನ್ನು ಬಾಯಿಯ ಬಳಿ ಹಿಡಿದು ಆರಿಸುತ್ತೇವೆ. ಕಿಟಕಿಯ ಹಗಲು ಬೆಳಕಿನಲ್ಲಿ, ಕೆಲಸ ಶುರುವಾಗುವ ಮೊದಲೇ. ಹಲ್ಲು ಒಣಗಿದರೆ ಇದ್ದುದಕ್ಕಿಂತ ಬಿಳಿಯಾಗಿ ಕಾಣುತ್ತದೆ, ಆಗ ಆರಿಸಿದ ಬಣ್ಣ ತಪ್ಪಾಗುತ್ತದೆ. ಲಿಪ್‌ಸ್ಟಿಕ್ ಒರೆಸಬೇಕು. ಕೆಂಪು, ಹಸಿರು ರೇಷ್ಮೆ ಸೀರೆ ಉಟ್ಟು ಬಂದರೆ ಅದರ ಮೇಲೆ ಮಾಸಲು ಬಣ್ಣದ ಬಟ್ಟೆ ಹೊದಿಸುತ್ತೇವೆ. ಸೀರೆಯ ಬಣ್ಣ ನಮ್ಮ ಕಣ್ಣನ್ನು ದಾರಿ ತಪ್ಪಿಸುತ್ತದೆ. ಬ್ಲೀಚಿಂಗ್ ಮಾಡಿಸಿಕೊಂಡವರಿಗೆ ಎರಡು ವಾರ ಬಿಟ್ಟೇ ಕಾಂಪೋಸಿಟ್ ಹಾಕಬೇಕು. ಹಲ್ಲಿನಲ್ಲುಳಿದ ಆಮ್ಲಜನಕ ಅಂಟು ಹಿಡಿಯಲು ಬಿಡುವುದಿಲ್ಲ. ಆದ್ದರಿಂದ ಮುಹೂರ್ತದ ಹಿಂದಿನ ವಾರ ಬಂದು ಎಲ್ಲ ಮುಗಿಸಿಕೊಡಿ ಎಂದರೆ ಆಗುವುದಿಲ್ಲ. ಎರಡು ಮೂರು ತಿಂಗಳ ಮುಂಚೆ ಬನ್ನಿ.

ಬಂದಾಗ ವೈದ್ಯರನ್ನು ಕೇಳಿ, ಈ ಬಣ್ಣ ಯಾಕೆ ಬಂತು, ಕೊರೆಯದೆ ಆಗುವ ದಾರಿ ಇದೆಯೇ ಎಂದು. ಖಾಸಗಿ ಖರ್ಚು ಭಾರವಾದರೆ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ. ಇನ್ನು, ನಿಮ್ಮೂರಿನ ಮಕ್ಕಳ ಹಲ್ಲಿನಲ್ಲಿ ಎಡ ಬಲ ಒಂದೇ ಥರದ ಪಟ್ಟೆ ಕಂಡರೆ ಪಂಚಾಯಿತಿಗೆ ಹೋಗಿ ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಲು ಹೇಳಿ. ಈಗ ಐದು ವರ್ಷದೊಳಗಿರುವ ಮಕ್ಕಳಿಗೆ ಇವತ್ತಿನಿಂದಲೇ ಶುದ್ಧ ನೀರಿನ ಘಟಕದ ನೀರು ಕೊಡಿ. ಅವರ ಶಾಶ್ವತ ಹಲ್ಲುಗಳು ದವಡೆಯೊಳಗೆ ಇನ್ನೂ ತಯಾರಾಗುತ್ತಿವೆ.